ಆಕ್ಷೇಪಣೆ ಸಂಖ್ಯೆ ಆರುನೂರ ಹನ್ನೊಂದು

ಕಾಡಿಗೆ ನಾವೇ ಬೆಂಕಿ ಹಚ್ಚುತ್ತೇವೆ, ಯಾರಿಗಾದರೂ ಆಕ್ಷೇಪಣೆ ಇದ್ದರೆ ಅರವತ್ತು ದಿನದೊಳಗೆ ತಿಳಿಸಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಏನಾಗುತ್ತದೆ? ಸಾವಿರದ ನೂರ ನಲವತ್ತಮೂರು ಜನ ತಿಳಿಸುತ್ತಾರೆ. ಅಷ್ಟನ್ನೂ ನಾನೇ ಕೂತು ಓದಿದೆ. ಸಾವಿರದ ನೂರ ನಲವತ್ತೆರಡು ನನ್ನನ್ನು ಏನೂ ಮಾಡಲಿಲ್ಲ. ಒಂದೇ ಒಂದು ನನ್ನ ನಿದ್ದೆ, ಊಟ, ಮಾನ ಮೂರನ್ನೂ ಕೆಡಿಸಿತು.

ಮೊದಲು ಬೆಂಕಿ ಯಾಕೆ ಹಚ್ಚಬೇಕಿತ್ತು ಎಂದು ಹೇಳಿಬಿಡುತ್ತೇನೆ. ಬೆಳ್ಳಿಕಲ್ಲು ಬೆಟ್ಟದಲ್ಲಿ ಸೋಲಿಗರು ಮೊದಲೆಲ್ಲ ಪ್ರತಿವರ್ಷ ಇಬ್ಬನಿ ಇರುವ ಕಾಲದಲ್ಲೇ ಒಣಗಿ ಬಿದ್ದ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗುಬೆಂಕಿ ಎಂದು ಅದರ ಹೆಸರು. ಮೊಣಕಾಲಿಗಿಂತ ಮೇಲೆ ಏಳದ ಬೆಂಕಿ ಅದು. ನೆಲದ ಕಸವನ್ನು ಮಾತ್ರ ತಿಂದು ತಾನೇ ಆರಿಹೋಗುತ್ತಿತ್ತು. ನಲವತ್ತೈದು ವರ್ಷದ ಹಿಂದೆ ಬೆಟ್ಟ ವನ್ಯಧಾಮವಾಯಿತು, ಬೆಂಕಿ ಹಾಕಿದರೆ ಕೇಸು ಎಂದಾಯಿತು. ಆಮೇಲೆ ಲಂಟಾನದ ಪೊದೆ ಬಂತು. ಈಗ ಅದರೊಳಗೆ ಆನೆ ನಿಂತರೆ ಬೆನ್ನು ಕಾಣುವುದಿಲ್ಲ. ನಲವತ್ತೈದು ವರ್ಷದ ತರಗು, ಅದರ ಮೇಲೆ ಲಂಟಾನದ ಒಣ ಕಡ್ಡಿ. ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದರೂ ಬೆಂಕಿ ನೇರ ಮರದ ನೆತ್ತಿಗೇ ಏರುತ್ತದೆ. ಹೋದ ದಶಕದಲ್ಲಿ ಎರಡು ಸಲ ಹಾಗೆ ಆಗಿ ಅರ್ಧ ಬೆಟ್ಟ ಕಪ್ಪಾಯಿತು.

ಅದಕ್ಕೇ ನಮ್ಮ ವನಾಗ್ನಿ ಕೇಂದ್ರದ ಯೋಜನೆ. ಲಂಟಾನ ತೆಗೆಯುವುದು, ಹಳೆಯ ಮರದ ಜಾತಿಗಳನ್ನು ಮತ್ತೆ ನೆಡುವುದು, ಚಳಿ ಇಳಿಯುವಾಗ ಲೆಕ್ಕಹಾಕಿ ಸಣ್ಣ ಬೆಂಕಿ ಕೊಡುವುದು. ಲೆಕ್ಕ ಹಾಕುವುದು ಅಗ್ನಿಮಿತ್ರ. ಅದು ನನ್ನ ಕೂಸು. ಬೆಟ್ಟದ ತುಂಬ ಒಂಬತ್ತು ಸಾವಿರ ಮೊಳೆ ಹೊಡೆದಿದ್ದೇವೆ. ಮೊಳೆ ಎಂದರೆ ಗೇಣುದ್ದದ ಸೆನ್ಸರು, ಎಲೆಯ ತೇವ, ನೆಲದ ಕಾವು, ಗಾಳಿ ಎಲ್ಲವನ್ನೂ ಅಳೆದು ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಯಾವ ದಿನ, ಯಾವ ಇಳಿಜಾರಿನಲ್ಲಿ, ಎಷ್ಟು ಹೊತ್ತಿಗೆ ಬೆಂಕಿ ಕೊಟ್ಟರೆ ಕ್ಷೇಮ ಎಂದು ಅಗ್ನಿಮಿತ್ರ ಹೇಳುತ್ತದೆ. ಡ್ರೋನು ಹೋಗಿ ಗೋಲಿಯಷ್ಟು ಗಾತ್ರದ ಬೆಂಕಿಯುಂಡೆ ಉದುರಿಸಿ ಬರುತ್ತದೆ. ಮನುಷ್ಯರು ಕಾಡಿಗೆ ಕಾಲಿಡುವುದೇ ಬೇಡ.

ಎಲ್ಲ ಪುಸ್ತಕಗಳೂ ಜನವರಿ ಎನ್ನುತ್ತವೆ. ಅಗ್ನಿಮಿತ್ರ ಮಾತ್ರ ಯಾರಿಗೂ ಹೊಳೆಯದ ಒಂದು ಕಿಂಡಿ ಕಂಡುಹಿಡಿದಿತ್ತು: ಫೆಬ್ರವರಿ ಇಪ್ಪತ್ತರಿಂದ ಇಪ್ಪತ್ತೇಳು. ಆ ಎಂಟು ದಿನ ಬೆಳ್ಳಿಕಲ್ಲಿನಲ್ಲಿ ಅಪಾಯ ಸೊನ್ನೆಗೆ ಹತ್ತಿರ ಎಂದು ಅದು ಪಟ್ಟುಹಿಡಿದು ಹೇಳುತ್ತಿತ್ತು. ಕಣಿವೆಯ ಗಾಳಿ ಆ ವಾರ ದಿಕ್ಕು ಬದಲಿಸುವುದರಿಂದ ಹೀಗೆ ಎಂದು ನಾನು ಒಂದು ಸಿದ್ಧಾಂತ ಕಟ್ಟಿದೆ, ಪ್ರಬಂಧ ಬರೆದೆ, ಮೂರು ದೇಶಗಳಲ್ಲಿ ಓದಿದೆ. ಎಂಟು ದಿನದ ಕಿಂಡಿಯ ಕಮಲಾಕ್ಷಿ ಎಂದು ನನ್ನನ್ನು ಗುರುತು ಹಿಡಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹಾಗೆ ಕರೆಸಿಕೊಳ್ಳುವುದು ನನಗೆ ಬಲು ಇಷ್ಟವಾಗಿತ್ತು.

ಇನ್ನು ಆಕ್ಷೇಪಣೆಗಳು. ಹೊಗೆಗೆ ಅತಿಥಿಗಳು ಓಡಿಹೋಗುತ್ತಾರೆ ಎಂದು ಬೆಟ್ಟದ ತಪ್ಪಲಿನ ರೆಸಾರ್ಟಿನವರು ಬರೆದಿದ್ದರು. ಕಾಫಿ ತೋಟದವರೊಬ್ಬರು ತಮ್ಮ ಗಿಡಗಳ ಹೂವಿನ ಗತಿ ಏನು ಎಂದು ನಾಲ್ಕು ಪುಟ ಗೋಳಾಡಿದ್ದರು. ಯಾರೋ ಒಬ್ಬ ನಿವೃತ್ತ ಎಂಜಿನಿಯರ್ ಬೆಟ್ಟದ ಸುತ್ತ ಕಾಂಕ್ರೀಟ್ ಗೋಡೆ ಕಟ್ಟುವುದು ಮೇಲು ಎಂದು ನಕ್ಷೆ ಸಮೇತ ಕಳಿಸಿದ್ದರು. ಆಮೆಗಳ ಬಗ್ಗೆ ಇನ್ನೂರ ಎಂಟು ಪತ್ರ ಬಂದಿದ್ದವು, ಎಲ್ಲವೂ ಒಂದೇ ಒಕ್ಕಣೆಯವು. ಎಲ್ಲರಿಗೂ ನಾನು ತಾಳ್ಮೆಯಿಂದ ಉತ್ತರ ಬರೆದೆ.

ಆರುನೂರ ಹನ್ನೊಂದು ಕಾಗದವಲ್ಲ, ದನಿ. ಬರೆಯಲು ಬಾರದವರು ಮಾತಾಡಿ ಸಲ್ಲಿಸಬಹುದು ಎಂಬ ನಿಯಮವಿತ್ತು. ಮೊದಲ ಶಬ್ದಕ್ಕೇ ಯಾರೆಂದು ಗೊತ್ತಾಯಿತು.

"ನಾನು ಕೇತಮ್ಮ, ಹೊಸಪೋಡು. ಬೆಂಕಿ ಇಕ್ಕಬ್ಯಾಡಿ ಅನ್ನಾದಿಲ್ಲ ನಾನು. ಇಕ್ಲೇಬೇಕು, ಕಾಡು ಉಸ್ರು ಕಟ್ಕಂಡು ಕೂತದ. ಆದ್ರ ನೀವು ಹೇಳಿರ ವಾರ ಬ್ಯಾಡ. ಆ ವಾರ ಹುಲ್ಲು ಒಣಗಿ ತಲ ತೂಗ್ತದ, ಗಾಳಿ ತಗ್ಗಿಂದ ಮ್ಯಾಕ್ಕ ನುಗ್ತದ. ಇನ್ನೊಂದು, ಬೆಂಕಿ ಇಕ್ಕಿದೋರು ಅದು ಆರಗಂಟ ಅದರ ಹಿಂದ ನಡೀಬೇಕು. ನಿಮ್ಮ ಹಾರ ಮಿಸಿನ್ನು ನಡೆಯಾಕಿಲ್ಲ. ಅಷ್ಟೆಯ."

ಪೋಡು ಎಂದರೆ ಸೋಲಿಗರ ಹಾಡಿ. ಕೇತಮ್ಮ ಇಪ್ಪತ್ತೆರಡು ವರ್ಷ ಅರಣ್ಯ ಇಲಾಖೆಯಲ್ಲಿ ಬೆಂಕಿ ವಾಚರ್ ಆಗಿದ್ದವರು. ಆ ಇಪ್ಪತ್ತೆರಡು ವರ್ಷವೂ ಅವರ ಜೊತೆ ಬೀಟ್ ತಿರುಗಿದ ಗಾರ್ಡ್ ಗುರುಮಲ್ಲಪ್ಪ. ಗುರುಮಲ್ಲಪ್ಪ ನನ್ನ ಗಂಡ.

ಈಗ ನೀವು ಏನು ಊಹಿಸುತ್ತಿದ್ದೀರೋ ಅದಲ್ಲ. ಅದಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಇದು ಅದಕ್ಕಿಂತ ಕೆಟ್ಟದ್ದು. ನಾನು ಪಿಎಚ್‌ಡಿಗೆಂದು ಬೆಟ್ಟಕ್ಕೆ ಹೋದವಳು ಗಾರ್ಡನ್ನು ಮದುವೆಯಾಗಿ ಇಳಿದೆ. ಮದುವೆಯಾಗಿ ಹದಿನಾಲ್ಕು ವರ್ಷ. ಮೊದಲ ವಾರದಿಂದ ಇವತ್ತಿನವರೆಗೆ, ಕಾಡಿನ ವಿಷಯ ನಾನು ಏನೇ ಹೇಳಲಿ, ಅವರು ತಲೆಯಾಡಿಸಿ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಕೇತಮ್ಮ ಏನಂತಾಳ?" ನನ್ನ ಮೊದಲ ಪ್ರಬಂಧ ಅಚ್ಚಾದಾಗ ಕೇಳಿದರು. ಅಗ್ನಿಮಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದ ದಿನವೂ ಕೇಳಿದರು. ಆ ದಿನ ನಾನು ಶಾಲು ಹೊದ್ದುಕೊಂಡೇ ಅಡುಗೆಮನೆಗೆ ಹೋಗಿ ಕುಕ್ಕರಿನ ಮುಚ್ಚಳ ಜೋರಾಗಿ ಕುಕ್ಕಿದೆ.

ಆಕ್ಷೇಪಣೆ ಕೇಳಿದ ಸಂಜೆ ಅವರು ಅಂಗಳದಲ್ಲಿ ಕೂತು ಅವರೆಕಾಳು ಹಿಚುಕುತ್ತಿದ್ದರು.

"ಕೇತಮ್ಮನೂ ಹೇಳವ್ಳಂತಲ್ಲ?"

"ಹೂಂ. ನೂರಾರು ಜನ ಹೇಳಿದ್ದಾರೆ, ಅವರೂ ಹೇಳಿದ್ದಾರೆ."

"ಏನಂದ್ಲು?"

"ಆ ವಾರ ಬೇಡವಂತೆ."

ಅವರ ಬೆರಳು ನಿಂತಿತು. "ಅವಳು ಬ್ಯಾಡ ಅಂದ್ರ ಬ್ಯಾಡ ಕನ ಕಮಲ."

"ಅಲ್ಲಾರೀ, ತರಗು ಮೂಸಿ ಹೇಳೋ ಆಯಮ್ಮನ ಮೂಗಿನ ಮೇಲಿರೋ ನಂಬಿಕೆ ನನ್ನ ಒಂಬತ್ತು ಸಾವಿರ ಮೊಳೆ ಮೇಲಿಲ್ಲ ಅಲ್ವಾ ನಿಮಗೆ?"

ಅವರು ನಿಜಕ್ಕೂ ಯೋಚಿಸಿದರು. "ಇಲ್ಲ" ಎಂದರು. ಸುಳ್ಳು ಹೇಳಬಹುದಿತ್ತು. ಎಷ್ಟೋ ಗಂಡಂದಿರು ಹೇಳುತ್ತಾರೆ.

ಮರುದಿನ ಕಂಟ್ರೋಲ್ ರೂಮಿನಲ್ಲಿ ಕೂತು ಆರುನೂರ ಹನ್ನೊಂದಕ್ಕೆ ಉತ್ತರ ಟೈಪ್ ಮಾಡಿದೆ: "ಆಕ್ಷೇಪಣೆಯು ಸಾಂಪ್ರದಾಯಿಕ ನಂಬಿಕೆಯನ್ನು ಆಧರಿಸಿದ್ದು, ವೈಜ್ಞಾನಿಕ ದತ್ತಾಂಶಕ್ಕೆ ವಿರುದ್ಧವಾಗಿರುವುದರಿಂದ ತಿರಸ್ಕರಿಸಬಹುದಾಗಿದೆ." ಕೊನೆಯ ಪದವನ್ನು ಎರಡು ಸಲ ಓದಿಕೊಂಡೆ. ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡಂತಿತ್ತು.

ಜನವರಿ ಎಂಟಕ್ಕೆ ಸಾರ್ವಜನಿಕ ಅಹವಾಲು ಸಭೆ. ಬೆಟ್ಟದ ಬುಡದ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅಧ್ಯಕ್ಷತೆಗೆ ನಮ್ಮ ನಿರ್ದೇಶಕರು ಇಮ್ತಿಯಾಜ್ ಸಾಹೇಬರು. ರೆಸಾರ್ಟಿನವರು ಮಾತಾಡಿದರು, ಕಾಫಿಯವರು ಮಾತಾಡಿದರು, ಕಾಂಕ್ರೀಟ್ ಗೋಡೆಯವರು ಮೈಕ್ ಬಿಡಲೇ ಇಲ್ಲ. ಆಮೇಲೆ ಕೇತಮ್ಮ ಎದ್ದರು. ಅರವತ್ತರ ಆಸುಪಾಸು, ಗಿಡ್ಡ ಆಳು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ದನಿಯಲ್ಲಿ ಹೇಳಿದ್ದನ್ನೇ ಹೇಳಿ ಕೂತರು. ಅವರು ಕೂತಾಗ ಜನ ಸುಮ್ಮನಾದ ಬಗೆ ನನಗೆ ಹಿಡಿಸಲಿಲ್ಲ. ನನ್ನ ಮಾತಿಗೆ ಯಾರೂ ಹಾಗೆ ಸುಮ್ಮನಾಗಿರಲಿಲ್ಲ.

ಮೈಕ್ ಹಿಡಿದು ಒಂದು ಪಂದ್ಯ ಮುಂದಿಟ್ಟೆ. ಬೆಟ್ಟದ ಹನ್ನೆರಡು ಮೊಳೆಗಳ ಬುಡದಿಂದ ಅವತ್ತೇ ಬೆಳಿಗ್ಗೆ ಹನ್ನೆರಡು ಕಟ್ಟು ತರಗು ತರಿಸಿದ್ದೆ. ಯಾವ ಕಟ್ಟು ಎಲ್ಲಿಯದು ಎಂದು ಕೇತಮ್ಮನಿಗೆ ಹೇಳುವುದಿಲ್ಲ. ಮುಟ್ಟಿ ನೋಡಿ, ಇದಕ್ಕೆ ಇವತ್ತು ಬೆಂಕಿ ಕೊಡಬಹುದೋ ಬೇಡವೋ ಹೇಳಲಿ. ಅದೇ ಹನ್ನೆರಡು ಜಾಗಕ್ಕೆ ಅಗ್ನಿಮಿತ್ರವೂ ಹೇಳಲಿ. ಆಮೇಲೆ ಮೀಟರು ಹಾಕಿ ತೇವ ಅಳೆಯೋಣ. ಅವರನ್ನು ಸೋಲಿಸಬೇಕೆಂಬುದಷ್ಟೇ ನನ್ನ ಉದ್ದೇಶವಾಗಿತ್ತು, ಬೇರೆ ಬಣ್ಣ ಕಟ್ಟಲಾರೆ. ಗುರುಮಲ್ಲಪ್ಪನವರು ಮೂರನೇ ಸಾಲಿನಲ್ಲಿ ಕೂತಿದ್ದರು, ಅವರು ನೋಡಬೇಕಿತ್ತು.

ಕೇತಮ್ಮ ಒಂದೊಂದು ಕಟ್ಟಿನಿಂದಲೂ ಒಂದು ಹಿಡಿ ಎಲೆ ತೆಗೆದು, ಮುಷ್ಟಿ ಬಿಗಿದು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು, ಮೂಸಿದರು. "ಕೊಡಬೌದು. ಕೊಡಬೌದು. ಬ್ಯಾಡ." ಪರದೆಯ ಮೇಲೆ ಅಗ್ನಿಮಿತ್ರದ ಉತ್ತರ ಹಸಿರು, ಹಸಿರು, ಕೆಂಪು ಎಂದು ಮೂಡುತ್ತ ಹೋಯಿತು. ಹನ್ನೆರಡಕ್ಕೆ ಹನ್ನೆರಡೂ ಕೂಡಿಬಂತು. ಜನ ಚಪ್ಪಾಳೆ ತಟ್ಟಿದರು, ನಕ್ಕರು. ಸಾಹೇಬರು ನನ್ನತ್ತ ಬಾಗಿ, "ಒಳ್ಳೇದೇ ಆಯ್ತು ಮೇಡಂ, ಇಬ್ಬರೂ ಗೆದ್ದಿರಿ" ಎಂದರು. ಆ ಇಬ್ಬರೂ ಎನ್ನುವುದು ನನಗೆ ಮುಳ್ಳಿನಂತೆ ಚುಚ್ಚಿತು.

ಮೀಟರು ಹಾಕುವಾಗ ಏಳನೆಯ ಕಟ್ಟಿನಲ್ಲಿ ತಡೆದೆ. ಅದರ ತೇವ ಶೇಕಡಾ ಮೂವತ್ತರ ಮೇಲಿತ್ತು, ಬೆಂಕಿ ಕೈಮೀರಿ ಏಳದಷ್ಟು ಹಸಿ. ಯಾವ ಲೆಕ್ಕದಲ್ಲಿ ನೋಡಿದರೂ ಧಾರಾಳವಾಗಿ ಬೆಂಕಿ ಕೊಡಬಹುದಾದ ತರಗು. ಇಬ್ಬರೂ ಬೇಡ ಎಂದಿದ್ದರು. ಸಿಕ್ಕಿಬಿದ್ದರು ಎಂದುಕೊಂಡು ಕೇತಮ್ಮನನ್ನು ಕೇಳಿದೆ.

"ಅದು ಧೂಪದ ಮರದ ಬುಡದ್ದು ಮೇಡಮ್ನೋರೆ. ಅಂಟು ಅದ ನೋಡಿ ಎಲೆಲಿ. ನೀರಲ್ಲಿ ಅದ್ದುದ್ರೂವೆ ಹತ್ಕತದ."

ಮೂಸಿ ನೋಡಿದೆ. ನಿಜ, ಧೂಪದ ವಾಸನೆ. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಪರದೆಯತ್ತ ತಿರುಗಿದೆ. ಕೇತಮ್ಮನಿಗೆ ಮೂಗಿದೆ, ಗೊತ್ತಾಯಿತು. ನನ್ನ ಮೊಳೆಗಳಿಗೆ ಮೂಗಿಲ್ಲ. ತೇವ, ಕಾವು, ಗಾಳಿ ಬಿಟ್ಟು ಅವಕ್ಕೆ ಇನ್ನೇನೂ ತಿಳಿಯದು. ಧೂಪದ ಅಂಟಿನ ವಿಷಯ ಅಗ್ನಿಮಿತ್ರಕ್ಕೆ ನಾನು ಹೇಳಿರಲೇ ಇಲ್ಲ. ನನಗೇ ಗೊತ್ತಿರಲಿಲ್ಲ. ಹಾಗಾದರೆ ಅದಕ್ಕೆ ಯಾರು ಹೇಳಿದರು?

ಇಂಥ ಯಂತ್ರಕ್ಕೆ ಅಳತೆ ಕೊಟ್ಟರಷ್ಟೇ ಸಾಲದು, ಪಾಠ ಹೇಳುವ ಮೇಷ್ಟ್ರೂ ಬೇಕು. ಈ ದಿನ ಇಂಥ ಜಾಗ ಅಪಾಯವಾಗಿತ್ತು, ಆ ದಿನ ಆ ಜಾಗ ಕ್ಷೇಮವಾಗಿತ್ತು ಎಂದು ಸಾವಿರಾರು ಉದಾಹರಣೆ ತೋರಿಸಬೇಕು. ನನ್ನ ಪುಣ್ಯಕ್ಕೆ ಅಂಥ ಉದಾಹರಣೆ ಮನೆಯ ಅಟ್ಟದಲ್ಲೇ ಇತ್ತು. ಗುರುಮಲ್ಲಪ್ಪನವರು ಇಪ್ಪತ್ತೆರಡು ವರ್ಷ ದಿನ ಬಿಡದೆ ಬರೆದ ಬೀಟ್ ಡೈರಿಗಳ ನಕಲು. "ಸಂಪಿಗೆಹಳ್ಳದ ಮೇಲುಭಾಗ ಒಣಗಿದೆ, ಎಚ್ಚರ." "ಆನೆಗುಂಡಿ ಕ್ಷೇಮ." ಹಾಗೆ ಎಂಟು ಸಾವಿರ ದಿನ. ಜಗತ್ತಿನಲ್ಲಿ ಯಾರ ಹತ್ತಿರವೂ ಅಂಥ ದಾಖಲೆ ಇರಲಿಲ್ಲ. ಅದನ್ನು ಹಳೆಯ ಹವಾಮಾನದ ಅಂಕಿಗಳಿಗೆ ಹೊಂದಿಸಿ ಅಗ್ನಿಮಿತ್ರಕ್ಕೆ ಕಲಿಸಿದ್ದೆ. ಪ್ರಶಸ್ತಿ ಭಾಷಣದಲ್ಲಿ ಗಂಡನಿಗೆ ಕೃತಜ್ಞತೆಯನ್ನೂ ಹೇಳಿದ್ದೆ.

ಭಾನುವಾರ ಬೆಳಿಗ್ಗೆ ಅಟ್ಟದಿಂದ ಡೈರಿಗಳನ್ನು ಇಳಿಸಿದೆ. ಹುಡುಕುವುದು ಕಷ್ಟವಾಗಲಿಲ್ಲ. "ಧೂಪದ ದಿಬ್ಬ, ತೇವ ಇದ್ದರೂ ನಂಬುವಂತಿಲ್ಲ." ಅದೇ ದುಂಡನೆಯ ಅಕ್ಷರ.

"ರೀ, ಧೂಪದ ಎಲೆಯಲ್ಲಿ ಅಂಟು ಇರುತ್ತೆ ಅಂತ ನಿಮಗೆ ಹೇಗೆ ಗೊತ್ತಿತ್ತು?"

"ನನಗೆಲ್ಲಿ ಗೊತ್ತಿತ್ತು? ಅವಳು ಹೇಳ್ದಳು, ನಾನು ಬರ್ದಿ."

"ಇದು? ಆನೆಗುಂಡಿ ಕ್ಷೇಮ?"

"ಅದೂ ಅವಳೇಯ. ಎಲ್ಲಾನೂ ಅವಳೇ ಕನ ಕಮಲ. ಅವಳಿಗ ಬರ್ಯಾಕ ಬರದಿಲ್ಲ, ನನಗ ಕಾಡು ಬರದಿಲ್ಲ. ಇಬ್ರೂ ಸೇರಿ ಒಂದು ಡೈರಿ."

ಅವರು ಇದನ್ನು ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. ನಾನು ಡೈರಿಯ ರಾಶಿಯ ನಡುವೆ ಕೂತೆ. ಹದಿನಾಲ್ಕು ವರ್ಷ ಯಾವ ಹೆಂಗಸಿನ ಮೂಗನ್ನು ಸೋಲಿಸಲೆಂದು ಯಂತ್ರ ಕಟ್ಟಿದೆನೋ, ಆ ಯಂತ್ರವೇ ಆ ಹೆಂಗಸು. ನನ್ನ ಕೂಸು ಎಂದು ಎತ್ತಿ ಆಡಿಸಿದ್ದು ಅವರ ಕೂಸು. ಕೇತಮ್ಮನ ಮೇಲೆ ಇನ್ನೂ ಹತ್ತರಷ್ಟು ಉರಿಯಬೇಕು ಅನ್ನಿಸಿತು, ಉರಿಯಿತು ಕೂಡ. ಅಷ್ಟರಲ್ಲಿ ಇನ್ನೊಂದು ಮಾತು ತಲೆಗೆ ಹೊಕ್ಕಿತು. ಅಗ್ನಿಮಿತ್ರ ಕೇತಮ್ಮನೇ ಆದರೆ ಫೆಬ್ರವರಿಯ ಆ ಎಂಟು ದಿನದ ವಿಷಯದಲ್ಲಿ ಇಬ್ಬರೂ ಬೇರೆ ಬೇರೆ ಯಾಕೆ ಹೇಳುತ್ತಾರೆ?

ಯಾವುದೋ ಒಂದು ವರ್ಷದ ಫೆಬ್ರವರಿ ತೆರೆದೆ. ಇಪ್ಪತ್ತನೇ ತಾರೀಕು, "ಎಲ್ಲಾ ಕ್ಷೇಮ." ಇಪ್ಪತ್ತೊಂದು, "ಎಲ್ಲಾ ಕ್ಷೇಮ." ಜಾಗದ ಹೆಸರಿಲ್ಲ, ಹಳ್ಳದ ಹೆಸರಿಲ್ಲ. ಇಪ್ಪತ್ತೇಳರವರೆಗೂ ಅದೇ. ಇನ್ನೊಂದು ವರ್ಷ, ಮತ್ತೊಂದು ವರ್ಷ. ಇಪ್ಪತ್ತೆರಡು ವರ್ಷವೂ ಅದೇ ವಾರ, ಅದೇ ಎರಡು ಪದ.

"ಈ ವಾರ ಏನಾಗಿತ್ತು?"

ಅವರು ನನ್ನ ಕೈಯಿಂದ ಡೈರಿ ತೆಗೆದುಕೊಂಡು ಮುಚ್ಚಿದರು. ಆಮೇಲೆ ಅಂದರು, "ಪೋಡಲ್ಲಿ ರೊಟ್ಟಿ ಹಬ್ಬ. ಹೊಸ ರಾಗಿ ಬಂದ ಮ್ಯಾಲ ಎಲ್ಲಾರೂ ಅಲ್ಲಿಗ ಹೋಗ್ಬುಡೋರು. ಅವಳೂ ಬರ್ತಿರ್ನಿಲ್ಲ. ನಾನೊಬ್ಬ ಹೋಗಿ ಏನು ನೋಡ್ಲಿ? ನನಗೇನು ತಿಳೀತದ? ಕ್ವಾರ್ಟರ್ಸಲ್ಲೇ ಕೂತು ಬರ್ದುಬುಡ್ತಿದ್ದಿ. ಡೈರಿ ಖಾಲಿ ಇದ್ರ ಮೆಮೊ ಕೊಡೋರು."

"ಆ ವಾರ ಬೆಂಕಿ ಬೀಳಲೇ ಇಲ್ವಾ?"

"ಮೂರು ಸಲ ಬಿದ್ದಿತ್ತು. ಒಂದೆಕರೆ, ಎರಡೆಕರೆ. ಹಬ್ಬದೋರೇ ಓಡ್ಬಂದು ಸೊಪ್ಪಲ್ಲಿ ಬಡ್ದು ಆರ್ಸುದ್ರು. ಬರ್ದಿದ್ರ ಅದಕ್ಕೂ ಮೆಮೊ."

ಎರಡೆಕರೆ ಬೆಂಕಿ ಮರದ ಕೆಳಗೆ ಉರಿದರೆ ಉಪಗ್ರಹಕ್ಕೂ ಕಾಣುವುದಿಲ್ಲ. ಹೀಗೆ ಒಬ್ಬ ಗಾರ್ಡು ಮೆಮೊಗೆ ಹೆದರಿ ಬರೆದ ಎರಡು ಪದವನ್ನು ಅಗ್ನಿಮಿತ್ರ ವೇದವಾಕ್ಯ ಎಂದು ನಂಬಿತು. ಹುಲ್ಲು ಒಣಗಿ, ಗಾಳಿ ತಗ್ಗಿನಿಂದ ಮೇಲಕ್ಕೆ ನುಗ್ಗುವ ವಾರವೇ ಅತ್ಯಂತ ಕ್ಷೇಮ ಎಂದು ಕಲಿಯಿತು. ನಾನು ಅದಕ್ಕೊಂದು ಗಾಳಿಯ ಸಿದ್ಧಾಂತ ಹೊಲಿದು ಮೂರು ದೇಶದಲ್ಲಿ ಮೆರೆಸಿದೆ. ಇನ್ನು ಆರು ವಾರಕ್ಕೆ, ಯೋಜನೆಗೆಂದು ಮೊದಲು ಆರಿಸಿದ್ದ ಇಳಿಜಾರಿನಲ್ಲಿ ಡ್ರೋನು ಬೆಂಕಿಯುಂಡೆ ಉದುರಿಸುವುದಿತ್ತು. ಇಳಿಜಾರಿನ ನೆತ್ತಿಯಲ್ಲಿ ಹೊಸಪೋಡು. ಅಲ್ಲಿ ಎಪ್ಪತ್ತು ಮನೆಗಳಿವೆ, ಆ ವಾರ ಹಬ್ಬಕ್ಕೆ ಬೇರೆ ಪೋಡುಗಳವರೂ ಬಂದು ಸೇರಿರುತ್ತಾರೆ.

ಈಗ ನನ್ನ ಸಣ್ಣತನ ಹೇಳಬೇಕು. ತಕ್ಷಣ ನನಗೊಂದು ಸುಲಭದ ದಾರಿ ಹೊಳೆಯಿತು. ಆರುನೂರ ಹನ್ನೊಂದನ್ನು ತಿರಸ್ಕರಿಸುವ ಬದಲು, ಸ್ಥಳೀಯರ ಹಬ್ಬಕ್ಕೆ ಗೌರವ ಕೊಟ್ಟು ದಿನಾಂಕ ಬದಲಿಸಲಾಗಿದೆ ಎಂದು ಬರೆದರಾಯಿತು. ಪೋಡು ಉಳಿಯುತ್ತದೆ. ಗುರುಮಲ್ಲಪ್ಪನವರ ಮಾನ ಉಳಿಯುತ್ತದೆ, ಅಗ್ನಿಮಿತ್ರ ಉಳಿಯುತ್ತದೆ. ಕೇತಮ್ಮ ಹಬ್ಬಕ್ಕಾಗಿ ಗೋಗರೆದ ಮುದುಕಿಯಾಗಿ ಕಡತದಲ್ಲಿ ಕೂರುತ್ತಾರೆ. ಆ ಕೊನೆಯದು ನನಗೆ ಎಲ್ಲಕ್ಕಿಂತ ರುಚಿಸಿತು. ಸೋಮವಾರ ಆಫೀಸಿಗೆ ಹೋಗಿ ಹಾಗೇ ಟೈಪ್ ಕೂಡ ಮಾಡಿದೆ.

ಕಳಿಸುವ ಮೊದಲು, ಉಳಿದ ದಿನಗಳಲ್ಲಿ "ಎಲ್ಲಾ ಕ್ಷೇಮ" ಎಷ್ಟಿದೆ ಎಂದು ಎಣಿಸಲು ಕಂಪ್ಯೂಟರಿಗೆ ಹೇಳಿದೆ. ಹಬ್ಬದ ವಾರ ಬಿಟ್ಟು ಆರುನೂರಕ್ಕೂ ಹೆಚ್ಚು ದಿನ ಬಂತು. ಅದರಲ್ಲಿ ಎಷ್ಟು ದಿನ ಕೇತಮ್ಮ ನಿಜವಾಗಿ ನೋಡಿ ಹೇಳಿದ್ದು, ಎಷ್ಟು ದಿನ ಅವರು ಬಾಣಂತನದಲ್ಲಿ, ಜ್ವರದಲ್ಲಿ, ಜೇನಿಗೆ ಹೋಗಿ ಇರದಿದ್ದಾಗ ನನ್ನ ಗಂಡ ಕೂತಲ್ಲೇ ಬರೆದದ್ದು? ಫೋನ್ ಮಾಡಿ ಕೇಳಿದರೆ ಗುರುಮಲ್ಲಪ್ಪನವರಿಗೆ ನೆನಪಿರಲಿಲ್ಲ. ಪರದೆಯ ಮೇಲೆ ಬೆಟ್ಟ ಹಸಿರಾಗಿ ಹೊಳೆಯುತ್ತಿತ್ತು, ಅದರಲ್ಲಿ ಯಾವ ಹಸಿರು ಸುಳ್ಳು ಎಂದು ಹೇಳಬಲ್ಲವರು ಒಬ್ಬರೇ ಇದ್ದರು. ಟೈಪ್ ಮಾಡಿದ್ದನ್ನು ಅಳಿಸಿ ಜೀಪು ತರಿಸಿದೆ.

ಕೇತಮ್ಮ ಮನೆಯ ಮುಂದೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ನನ್ನನ್ನು ಕಂಡು ಚಾಪೆ ಹಾಸಿದರು. ಎಲ್ಲವನ್ನೂ ಹೇಳಿದೆ.

"ಅಂದ್ರ ನನ್ನ ಮಾತೆಲ್ಲ ನಿಮ್ಮ ಪೆಟ್ಟಿಗೆಲಿ ಅದ" ಎಂದರು.

"ಹೌದು."

"ನನ್ನ ಕೇಳ್ದೆಯ."

"ನಿಮ್ಮದು ಅಂತ ಗೊತ್ತಿರಲಿಲ್ಲ ಕೇತಮ್ಮ. ನೀವು ಬೀಟಿಗೆ ಬರದ ದಿನ ಯಾವ್ಯಾವುದು ಅಂತ ಹೇಳಿದರೆ ಸರಿ ಮಾಡಬಹುದು. ಇಲ್ಲದಿದ್ದರೆ ಅದನ್ನ ನಂಬೋ ಹಾಗಿಲ್ಲ."

ಅವರು ಮೊರ ಕೆಳಗಿಟ್ಟರು. "ಮೊನ್ನ ಸಭೆಲಿ ಅದು ನನ್ನಂಗೇ ಹೇಳ್ತಲ್ಲ ಹನ್ನೆರಡಕ್ಕ ಹನ್ನೆರಡು, ಆಗ ನನಗ ಹೊಟ್ಟ ಉರ್ದೋಯ್ತು ಕನವ್ವ."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ನನ್ನ ಮೇಲಾ?"

"ನಿಮ್ಮ ಮ್ಯಾಲ ಯಾಕ? ಆ ಪೆಟ್ಟಿಗ ಮ್ಯಾಲ. ನಮ್ಮಪ್ಪ ನನ್ನ ಕೈ ಹಿಡ್ಕಂಡು ಬೆಂಕಿ ಹಿಂದ ನಡ್ಸಿ ಕಲಿಸ್ದ. ನಾನೂ ಮಗಳಿಗ ಕಲಿಸ್ಬೇಕಾಗಿತ್ತು. ಬೆಂಕಿ ಇಕ್ಕುದ್ರ ಜೈಲು ಅಂದ್ರಿ. ಬೆಂಕಿ ಇಲ್ದೆ ಬೆಂಕಿ ಎಂಗ ಕಲಿಸಾದು? ಈಗ ನಮ್ ಜಡೆಮ್ಮ ರೆಸಾರ್ಟಲ್ಲಿ ಹಾಸ್ಗ ಮಡಚ್ತಾಳ. ತರಗು ತುಳುದ್ರ ಹಾವು ಅದ ಅಂತ ಹೆದ್ರುತಾಳ. ನನ್ನ ಹೊಟ್ಟೇಲಿ ಹುಟ್ಟಿದ ಮಗಳಿಗ ಬರ್ದೆ ಇರ ಬುದ್ಧಿ ಆ ಪೆಟ್ಟಿಗೆಗೆ ಬಂತಲ್ಲ. ಅದಕ್ಕಾದ್ರ ಕೈ ಅದಾ, ಕಾಲ್ ಅದಾ? ಯಾವ ಪುಣ್ಯ ಮಾಡಿತ್ತು ಅದು?"

ಅವರ ಕಣ್ಣಲ್ಲಿ ನೀರಿತ್ತು. ಹದಿನಾಲ್ಕು ವರ್ಷ ನಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ. ಮೊರದ ರಾಗಿಯಲ್ಲಿ ಕಲ್ಲು ಆರಿಸತೊಡಗಿದೆ.

ಕೊನೆಗೆ ಅವರೇ ಒಂದು ಷರತ್ತು ಹೇಳಿದರು. ನಾವು ನಂಬಬಾರದ ದಿನಗಳನ್ನು ಅವರು ಒಂದೊಂದಾಗಿ ಹೇಳಿಕೊಡುತ್ತಾರೆ, ಯಾರ ಪ್ರಾಣಕ್ಕೂ ಕುತ್ತು ಬರಬಾರದು. ಆದರೆ ಹೊಸದಾಗಿ ಏನನ್ನೂ ಪೆಟ್ಟಿಗೆಗೆ ಕಲಿಸುವುದಿಲ್ಲ. ಆನೆಗುಂಡಿಯ ಇಳಿಜಾರಿನಲ್ಲಿ ಅವರು, ಜಡೆಮ್ಮ ಇಬ್ಬರೇ ತರಗುಬೆಂಕಿ ಹಾಕುತ್ತಾರೆ, ಸರ್ಕಾರ ಅದಕ್ಕೆ ಕೇಸು ಹಾಕಬಾರದು. ಅಲ್ಲಿ ಡ್ರೋನು ಹಾರಬಾರದು, ಅಲ್ಲಿನ ಮೊಳೆಗಳನ್ನೆಲ್ಲ ಕಿತ್ತುಬಿಡಬೇಕು. "ಈ ಸಲ ನಾನು ಹೇಳಾದು ನನ್ನ ಮಗಳಿಗ ಮಾತ್ರ ಕೇಳಿಸ್ಬೇಕು" ಎಂದರು.

ಮುಂದಿನ ಸಭೆಯಲ್ಲಿ ನಾನು ಎಲ್ಲವನ್ನೂ ಓದಿ ಹೇಳಿದೆ. ಎಂಟು ದಿನದ ಕಿಂಡಿ ಎಂಬುದೇ ಇಲ್ಲ ಎಂದೆ. ಅಗ್ನಿಮಿತ್ರದ ಮೇಷ್ಟ್ರು ಯಾರು ಎಂದೂ ಹೇಳಿದೆ. ಡೈರಿಯ ಮಾತು ಬಂದಾಗ ಗಂಡನ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಹಿಂದಿನ ಸಾಲಿನಲ್ಲಿ ಅವರೇ ಎದ್ದು ನಿಂತು, "ಬರ್ದೋನು ನಾನೇ ಸಾರ್, ತಪ್ಪು ನಂದು" ಎಂದರು. ಇಮ್ತಿಯಾಜ್ ಸಾಹೇಬರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಯೋಜನೆ ಒಂದು ವರ್ಷ ಮುಂದಕ್ಕೆ ಹೋಯಿತು. ಆಕ್ಷೇಪಣೆ ಸಂಖ್ಯೆ ಆರುನೂರ ಹನ್ನೊಂದನ್ನು ಪೂರ್ತಿಯಾಗಿ ಅಂಗೀಕರಿಸಲಾಗಿದೆ ಎಂದು ಆದೇಶ ಬಂತು. ನನ್ನ ಪ್ರಬಂಧವನ್ನು ನಾನೇ ಪತ್ರ ಬರೆದು ಹಿಂತೆಗೆದುಕೊಂಡೆ.

ಮರುವರ್ಷ ಜನವರಿಯಲ್ಲಿ, ಲಂಟಾನ ಸವರಿ ತೆಗೆದ ಮೇಲೆ, ಆನೆಗುಂಡಿಯ ಇನ್ನೂರ ಹನ್ನೆರಡು ಮೊಳೆಗಳನ್ನು ನಾನೂ ಗುರುಮಲ್ಲಪ್ಪನವರೂ ಮೂರು ದಿನ ಕೂತು ಕಿತ್ತೆವು. ನಾಲ್ಕನೆಯ ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ, ತಾಯಿ ಮಗಳು ಇಳಿಜಾರಿಗೆ ಬಂದರು. ಜಡೆಮ್ಮ ರೆಸಾರ್ಟಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು, ಮುಖದಲ್ಲಿ ಬೇಸರವಿತ್ತು. ಹೆಚ್ಚುಕಡಿಮೆಯಾದರೆ ಇರಲಿ ಎಂದು ನಮ್ಮನ್ನು ದೂರದ ಬಂಡೆಯ ಹತ್ತಿರ ನಿಲ್ಲಲು ಬಿಟ್ಟಿದ್ದರು.

ಗುರುಮಲ್ಲಪ್ಪನವರು ಅಭ್ಯಾಸಬಲದಿಂದ ಅವರ ಕಡೆ ಹೆಜ್ಜೆ ಹಾಕಿದರು. ಕೇತಮ್ಮ ಕೈ ಅಡ್ಡ ಹಿಡಿದು, "ನೀವೂ ಅಲ್ಲೇ ನಿಂತ್ಕಳಿ ಸಾಮಿ" ಎಂದರು. ಅವರು ಪೆಚ್ಚಾಗಿ ವಾಪಸು ಬಂದು ನನ್ನ ಪಕ್ಕ ನಿಂತರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಅಂಥ ಖುಷಿಗೆ ಆಯುಸ್ಸು ಕಮ್ಮಿ.

ಬೆಂಕಿ ಹತ್ತಿತು. ಮೊಣಕಾಲಿಗಿಂತ ಕೆಳಗೇ, ಸೊರಸೊರ ಸದ್ದು ಮಾಡುತ್ತ ನಿಧಾನವಾಗಿ ಸಾಗಿತು. ಅದರ ಹಿಂದೆ ಇಬ್ಬರೂ ಬರಿಗಾಲಲ್ಲಿ ನಡೆದರು. ಕೇತಮ್ಮ ಒಂದು ಹಿಡಿ ತರಗು ಎತ್ತಿ ಮಗಳ ಮುಷ್ಟಿಗೆ ಕೊಟ್ಟು, ಆ ಮುಷ್ಟಿಯನ್ನು ಅವಳ ಕಿವಿಗೆ ಹಿಡಿದು ಏನೋ ಹೇಳಿದರು. ಜಡೆಮ್ಮ ಏನೋ ಅಂದಳು. ತಪ್ಪು ಅಂದಿರಬೇಕು, ತಾಯಿ ಅವಳ ಕೈಗೆ ಮೆಲ್ಲಗೆ ಹೊಡೆದು ಇನ್ನೊಂದು ಹಿಡಿ ಕೊಟ್ಟರು. ಎರಡನೆಯ ಸಲ ಜಡೆಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ಅವಳ ಮುಖದ ಬೇಸರ ಹೋಯಿತು, ತಾಯಿಯನ್ನು ನೋಡಿ ನಕ್ಕಳು.

ನಾನು ಕಿವಿ ಕೊಟ್ಟು ಕೇಳಿದೆ. ಒಂದು ಮಾತೂ ಕೇಳಿಸಲಿಲ್ಲ. ಆ ಹುಡುಗಿಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ ಕಣ್ಣಲ್ಲಿ ನೀರು ಬಂತು, ಹೊಗೆ ಎಂದು ಗಂಡನಿಗೆ ಹೇಳಿದೆ. ಹದಿನಾಲ್ಕು ವರ್ಷದಲ್ಲಿ ಯಾವ ದಿನ ಬೇಕಾದರೂ ಪೋಡಿಗೆ ಹೋಗಿ, ನನಗೂ ಒಂಚೂರು ಹೇಳಿಕೊಡಿ ಕೇತಮ್ಮ ಎಂದಿದ್ದರೆ ಅವರು ಚಾಪೆ ಹಾಸಿ ಕೂರಿಸಿಕೊಳ್ಳುತ್ತಿದ್ದರು. ನಾನು ಕೇಳಲಿಲ್ಲ.